ಉಸಿರಿಗೆ ಕೊಟ್ಟ ಉತ್ತರ

ಮಾರ್ಚ್ ೯, ಸೋಮವಾರ

ಗಡಿಯಾಚೆಯ ಆ ಅಜ್ಜಿಯ ಉಸಿರು ಇನ್ನೂ ನನ್ನ ಕಿವಿ ಬಿಟ್ಟಿಲ್ಲ. ಹೋದ ತಿಂಗಳು ಸಮೀಕ್ಷೆಗೆಂದು ಫೋನ್ ಮಾಡಿ, "ನಿಮ್ಮೂರಲ್ಲಿರೋ ನಮ್ಮ ಸೈನ್ಯದ ಬಗ್ಗೆ ಏನನ್ಸುತ್ತೆ ಅಜ್ಜಿ?" ಅಂತ ಕೇಳಿದ್ದೆ. ಎಷ್ಟು ಕೇಳಿದರೂ ಬರೀ ಉಸಿರು. ಕೊನೆಗೆ ಪಿಸುಮಾತಲ್ಲಿ, "ಬಾಗಿಲಲ್ಲೇ ನಿಂತಿದಾರೆ ಮಗಳೇ" ಅಂದು ಫೋನಿಟ್ಟಳು.

"ಬೈದಿಲ್ಲ ತಾನೇ? 'ಆಕ್ಷೇಪವಿಲ್ಲ' ಅಂತ ಹಾಕಿ. ಮೌನಂ ಸಮ್ಮತಿಲಕ್ಷಣಂ," ಅಂದರು ಸೂಪರ್‌ವೈಸರ್. ಹಾಗೇ ಹಾಕೋದು ನಮ್ಮಲ್ಲಿ ರೂಢಿ. ಹಾಕಿದೆ.

ಈವತ್ತು ಟಿವಿಯಲ್ಲಿ ಮಂತ್ರಿಗಳು ನಮ್ಮ ಸಮೀಕ್ಷೆಯನ್ನೇ ಮುಂದಿಟ್ಟು, ಅಲ್ಲಿನ ಜನಕ್ಕೆ ನಾವು ಬೇಕು, ಸೈನ್ಯ ವಾಪಸ್ ಬರಲ್ಲ ಅಂದರು. ಅತ್ತೆಗೆ ಹಿಗ್ಗೋ ಹಿಗ್ಗು. "ಇದು ನೀನು ಮಾಡಿದ ಕೆಲಸಾನೇ ಅಲ್ವೇನೇ?"

ನಾನು ಬಾಯಿ ಬಿಡಲಿಲ್ಲ. ಅತ್ತೆ ಅದನ್ನು ಹೌದು ಅಂತಲೇ ತಿಳಿದು, ಪಕ್ಕದ ಮನೆಯವರಿಗೆ ಹೇಳಲು ಹೋದರು.