ಉಬ್ಬಣ್ಣನ ಜಾಡಿ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ನಿನ್ನ ಮೂರು ಕಾಗದಗಳೂ ಬಂದು ತಲುಪಿವೆ. ಮೂರಕ್ಕೂ ನಾನು ಎರಡೆರಡೇ ಸಾಲು ಬರೆದದ್ದಕ್ಕೆ ಬೈದುಕೊಂಡಿರುತ್ತೀಯ. ಅಂಗಡಿಗೆ ಶಾಲೆಯ ಸಮವಸ್ತ್ರಗಳು ಬಂದಿವೆ, ಒಂದೇ ಅಳತೆಯ ಕಾಲರು ಹೊಲಿದು ಹೊಲಿದು ಕುತ್ತಿಗೆ ಹಿಡಿದುಕೊಂಡಿದೆ ಎಂದು ನೆಪ ಹೇಳಬಹುದು. ಸುಳ್ಳೇನಲ್ಲ. ಆದರೆ ನನ್ನ ಪ್ರಾಣ ತಿಂದದ್ದು ಕಾಲರಲ್ಲ, ನಿನ್ನ ಆ ಬಳೆಯಂಥ ಬ್ರೆಡ್ಡು, ಬೇಗಲ್.

ಏಪ್ರಿಲ್ ಒಂದರಿಂದ ನೀನು ಕೆಲಸಕ್ಕಿರುವ ಬೇಕರಿಯ ಯಜಮಾನರು ನಿನ್ನ ಕೈಯ ತಿನಿಸಿಗೆಂದೇ ಒಂದು ಕಪಾಟು ಬಿಟ್ಟುಕೊಡುತ್ತಾರೆ ಎಂದು ಓದಿ ಸಂತೋಷವಾಯಿತು. ಅದರಲ್ಲಿ ಹಣ್ಣಿನ ಬೇಗಲ್ಲನ್ನೇ ಇಡಬೇಕು, ಅದಕ್ಕೆ ಉಬ್ಬಣ್ಣನೇ ಆಗಬೇಕು, ಅರ್ಧ ಜಾಡಿ ಕಳಿಸು ಅಕ್ಕಾ ಎಂದು ಮೂರು ಕಾಗದದಲ್ಲೂ ಕೇಳಿದ್ದೀಯ. ಅಂಗಡಿಯಲ್ಲಿ ಸಿಗುವ ಈಸ್ಟ್ ಹಾಕಿ ಮಾಡೇ ಎಂದರೆ ನೀನು ಕೇಳುವವಳಲ್ಲ. ನೀನು ಗಂಡನ ಮನೆ ಬಿಟ್ಟು ಒಂದು ಚೀಲ ಹಿಡಿದು ಇಲ್ಲಿಗೆ ಬಂದ ವಾರ, ಯಾರ ಹತ್ತಿರವೂ ಮಾತಾಡದೆ, ಹಿಟ್ಟು ನೀರು ಕಲಸಿ ಆ ಜಾಡಿಗೆ ಹಾಕಿ ಅದನ್ನೇ ನೋಡುತ್ತಾ ಕೂತಿದ್ದೆ. ಆರನೆಯ ದಿನ ಅದು ಉಬ್ಬಿ ಮುಚ್ಚಳ ತಳ್ಳಿತು, ನೀನು ನಕ್ಕೆ. ಅವತ್ತಿನಿಂದ ಅದು ಹುಳಿಹಿಟ್ಟಲ್ಲ, ಉಬ್ಬಣ್ಣ. ಒಂಬತ್ತು ವರ್ಷ ದಿನಾ ಅವನಿಗೆ ಹಿಟ್ಟು ನೀರು ಉಣಿಸಿ ಆಮೇಲೆ ನೀನು ಉಂಡೆ. ನಿನ್ನ ಬಾಡಿಗೆ ಕೋಣೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ, ಹಿಟ್ಟು ಕಲಸುವ ಹಾಗಿಲ್ಲ ಎಂದು ಏಳು ವಾರದ ಹಿಂದೆ ಅವನನ್ನು ನನ್ನ ತಲೆಗೆ ಕಟ್ಟಿ ಹೋದೆ.

ಕಳಿಸುವ ಮುಂಚೆ ಅವನ ಕಸುವು ನೋಡೋಣ, ನಾನೇ ಒಮ್ಮೆ ಬೇಗಲ್ ಮಾಡೋಣ ಎಂದು ಹೊರಟೆ. ಎಂಥ ಕೆಟ್ಟ ಗಳಿಗೆಯಲ್ಲಿ ಹೊರಟೆನೋ.

ಉಂಡೆ ಮಾಡಿ ಹೆಬ್ಬೆರಳಿಂದ ತೂತು ಕೊರೆದು ತಿರುಗಿಸಿ ಅಗಲ ಮಾಡು ಎಂದು ನೀನು ಬಿಟ್ಟುಹೋದ ಚೀಟಿಯಲ್ಲಿ ಬರೆದಿದ್ದೀಯ. ಬಟ್ಟೆಗೆ ಯಾರಾದರೂ ಬೆರಳಿನಿಂದ ತೂತು ಮಾಡುತ್ತಾರಾ? ಇಪ್ಪತ್ತೆರಡು ವರ್ಷ ಹೊಲಿದ ಕೈ ನನ್ನದು. ಹಿಟ್ಟನ್ನು ಪಟ್ಟಿಯಾಗಿ ಹೊಸೆದು, ಟೇಪು ಹಿಡಿದು ಒಂಬತ್ತಿಂಚು ಅಳೆದು, ಹೊಲಿಗೆಗೆಂದು ಅರ್ಧ ಇಂಚು ಬಿಟ್ಟು, ತುದಿಯ ಮೇಲೆ ತುದಿಯಿಟ್ಟು ಒತ್ತಿದೆ. ಹನ್ನೆರಡೂ ಅಚ್ಚು ಹಾಕಿದ ಹಾಗಿದ್ದವು. ಸುಡುವ ಮುಂಚೆ ಕುದಿಯುವ ನೀರಿಗೆ ಬಿಟ್ಟೆ. ಒಂದೊಂದಾಗಿ ಎಲ್ಲವೂ ಬಿಚ್ಚಿಕೊಂಡವು. ಸುಟ್ಟ ಮೇಲೆ ನೋಡಿದರೆ ಹನ್ನೆರಡು ಕುದುರೆ ಲಾಳ.

ಮೇಲಿನ ಮನೆಯ ಲೈಬ್ರರಿ ಮೇಡಂ ಬಂದಿದ್ದರು. ಭಾನುವಾರ ವಾಸನೆ ಹಿಡಿದು ಇಳಿದು ಬರುವ ಅಭ್ಯಾಸ ನೀನೇ ಮಾಡಿಸಿದ್ದಲ್ಲವೇ. ಕನ್ನಡಕ ಏರಿಸಿಕೊಂಡು ನೋಡಿ, "ಏನಮ್ಮಾ ಇದು, ಎಲ್ಲದಕ್ಕೂ ಹೊಲಿಗೆ ಬಿಟ್ಟುಹೋಗಿದೆಯಲ್ಲ, ದಾರ ಮರೆತ್ಯಾ?" ಅಂದರು. ನನಗೆ ನಗು ಬರಲಿಲ್ಲ.

ಮುಂದಿನ ವಾರ ನಿನ್ನ ಮಾತು ಕೇಳಿ ತೂತೇ ಕೊರೆದೆ. ಈ ಸಲ ಹಣ್ಣೂ ಹಾಕಿದೆ, ಹಿಟ್ಟು ಉಬ್ಬಲೇ ಇಲ್ಲ. ಒಣ ಏಪ್ರಿಕಾಟನ್ನು ಹೆಚ್ಚಿ, ಬೆಚ್ಚಗಿನ ನೀರಲ್ಲಿ ನೆನೆಸಿ, ಆ ನೀರನ್ನೂ ಬಿಡದೆ ಹಾಕಿ ಕಲಸಿದ್ದೆ. ಸಂಜೆಯಿಂದ ಬೆಳಗಿನವರೆಗೆ ಕಲ್ಲಿನ ಹಾಗೆ ಕೂತಿತ್ತು. ಚೀಟಿಯ ಪ್ರಕಾರ ಬೇಗಲ್ಲು ನೀರಲ್ಲಿ ತೇಲಿದರೆ ಹದ ಬಂದಂತೆ. ನನ್ನದು ಬಟ್ಟಲಿನ ತಳಕ್ಕೆ ಹೋಗಿ ಠಣ್ ಎಂದಿತು. ಅದರ ಮುಂದಿನ ವಾರ ಹುಳಿಹಿಟ್ಟು ಎರಡರಷ್ಟು ಹಾಕಿದೆ, ಮತ್ತೆ ಠಣ್. ಜಾಡಿಯ ಮುಂದೆ ನಿಂತು, "ನಿನಗೆ ನಾನೇನು ಕಡಿಮೆ ಮಾಡಿದ್ದೀನೋ, ದಿನಾ ಹಾಕ್ತಿಲ್ವಾ?" ಎಂದು ಕೂಗಾಡಿದೆ. ನಿನ್ನನ್ನೂ ಬೈದೆ. ಚೀಟಿಯಲ್ಲಿ ಏನೋ ಮುಚ್ಚಿಟ್ಟಿದ್ದಾಳೆ, ತನಗೊಬ್ಬಳಿಗೇ ಬರಲಿ ಎಂದು ಬೇಕೆಂದೇ ಬಿಟ್ಟಿದ್ದಾಳೆ ಎಂದೆಲ್ಲ ಅಂದುಕೊಂಡೆ. ಸಿಟ್ಟು ಬಂದಾಗ ನನ್ನ ತಲೆ ಹೇಗೆ ಓಡುತ್ತದೆಂದು ನಿನಗೆ ಗೊತ್ತು.

ಕೊನೆಗೆ ಹಣ್ಣಿನಂಗಡಿಯವರ ಹತ್ತಿರ ಜಗಳಕ್ಕೇ ಹೋದೆ. ಅವರು ಸಮಾಧಾನವಾಗಿ, "ಕೇಸರಿ ಬಣ್ಣದ್ದು ತಗೊಂಡ್ರಾ? ಅದಕ್ಕೆ ಬಣ್ಣ ಕೆಡಬಾರದು ಅಂತ ಗಂಧಕದ ಹೊಗೆ ಕೊಟ್ಟಿರ್ತಾರೆ. ಹುಳಿ ಬರೋದನ್ನ ಅದು ತಡೆಯುತ್ತೆ. ನಿಮ್ಮ ತಂಗಿ ಯಾವಾಗ್ಲೂ ಆ ಕಪ್ಪಗಿರೋದನ್ನೇ ಒಯ್ತಿದ್ರಲ್ಲ, ನಿಮಗೆ ಹೇಳಿಲ್ವಾ?" ಎಂದರು. ಹೇಳಿಲ್ಲ. ನೀನು ಒಂಬತ್ತು ವರ್ಷ ಕಪ್ಪಗಿರುವುದನ್ನೇ ತಂದಿರುವುದರಿಂದ, ಹೊಳೆಯುವುದನ್ನು ಆರಿಸುವ ಪೆದ್ದರೂ ಇರುತ್ತಾರೆಂದು ನಿನಗೆ ಹೊಳೆದೇ ಇಲ್ಲ. ನಾನೋ ಬಟ್ಟೆಯಂಗಡಿಯ ಅಭ್ಯಾಸದಲ್ಲಿ ಬಣ್ಣ ನೋಡಿ ಆರಿಸಿದ್ದೆ.

ಇವತ್ತು ಬೆಳಿಗ್ಗೆ ಆ ಕಪ್ಪು ಚಕ್ಕಳದಂಥವನ್ನೇ ಹಾಕಿ ಮಾಡಿದೆ. ತೇಲಿದವು ಪುಟ್ಟೀ. ಎರಡು ಮಾತ್ರ ಮುಚ್ಚಿದ ಬಟ್ಟೆಗೆ ಅಂಟಿ ಹರಿದುಹೋದವು, ಉಳಿದ ಹತ್ತೂ ಉಬ್ಬಿ, ಕೆಂಪಗೆ ಬೆಂದವು, ಮುರಿದರೆ ಒಳಗೆ ಹಣ್ಣು ಜೇನಿನಂತೆ ಅಂಟುತ್ತಿತ್ತು. ಮೇಡಂ ಬೆಣ್ಣೆ ಹಚ್ಚಿ ಎರಡು ತಿಂದು, ಒಳಕೋಣೆಯ ಕಡೆ ನೋಡಿ, "ಪುಟ್ಟಿ ಬಂದಿದ್ದಾಳಾ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತೆ ಇದು?" ಅಂದರು. ಸಂತೋಷಪಡಬೇಕಾದ ಮಾತು. ನನಗೆ ಮೈಯೆಲ್ಲ ಉರಿಯಿತು. ನಾನು ಏಳು ವಾರ ಹೆಣಗಿದರೂ ತಿಂದವರಿಗೆ ನಿನ್ನ ನೆನಪೇ ಬರುವುದು. ಅವರು ಹೋದ ಮೇಲೆ ಪಾತ್ರೆ ತೊಳೆಯುವಾಗ ಬಾಂಡಲಿಯನ್ನು ಕುಕ್ಕಿದೆ, ಅದರ ಹಿಡಿ ಸಡಿಲವಾಗಿದೆ.

ಮೇಡಂ ಗುರುವಾರ ಕಣ್ಣಿನ ಪರೀಕ್ಷೆಗೆ ನಿಮ್ಮೂರಿಗೆ ಬರುತ್ತಿದ್ದಾರೆ. ಅರ್ಧ ಜಾಡಿಯನ್ನು ಅಗಲ ಬಾಯಿಯ ಬಾಟಲಿಗೆ ಹಾಕಿ, ಮುಚ್ಚಳ ಸಡಿಲ ಬಿಟ್ಟು, ಟವೆಲು ಸುತ್ತಿ ಅವರ ಕೈಯಲ್ಲಿ ಕೊಡುತ್ತೇನೆ. ಬಸ್ಸಿಂದ ಇಳಿಸಿಕೊಳ್ಳಲು ನೀನೇ ಬಾ. ಅವರಿಗೆ ಒಂದು ಲೋಟ ಬಿಸಿಯಾಗಿ ಏನಾದರೂ ಕುಡಿಸಿ ಕಳಿಸು.

ನಿನ್ನ ಕಪಾಟು ಮಧ್ಯಾಹ್ನದೊಳಗೆ ಖಾಲಿಯಾಗಲಿ. ಕೈ ಸುಟ್ಟುಕೊಳ್ಳಬೇಡ. ನೀನು ಎಲ್ಲಿದ್ದರೂ ನಾಲ್ಕು ಜನ ಕರೆದು ಮಾತಾಡಿಸುವ ಹಾಗೆ ಬಾಳು.

ನಿನ್ನ
ಅಕ್ಕ

ಸೋಮವಾರ ಬೆಳಿಗ್ಗೆ. ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಪುಟ್ಟೀ, ಮೇಡಂ ತರುವ ಬಾಟಲಿಯಲ್ಲಿ ಉಬ್ಬಣ್ಣ ಇಲ್ಲ. ನೀನು ಹೋದ ದಿನವೇ ಅವನನ್ನು ಸಿಂಕಿಗೆ ಸುರಿದು, ಬಿಸಿನೀರು ಬಿಟ್ಟು ಜಾಡಿ ತೊಳೆದೆ. ನೀನು ಹೊರಟಾಗ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ನೀನು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, ಎಷ್ಟು ಹಿಟ್ಟು, ಎಷ್ಟು ನೀರು, ಚಳಿಯಾದರೆ ಎಲ್ಲಿಡಬೇಕು, ಹಸಿದರೆ ಎಂಥ ವಾಸನೆ ಬರುತ್ತದೆ, ಎಲ್ಲ ಹೇಳಿದೆ. "ಅವನನ್ನ ಒಬ್ಬನ್ನೇ ಬಿಟ್ಟು ಅಭ್ಯಾಸ ಇಲ್ಲ ಅಕ್ಕಾ" ಅಂದೆ. ನನಗೆ ಒಬ್ಬಳೇ ಇದ್ದು ಅಭ್ಯಾಸ ಇದೆಯಾ ಎಂದು ನೀನು ಕೇಳಲಿಲ್ಲ. ತೊಳೆದ ಜಾಡಿಯನ್ನು ಒರೆಸಿ ಒರೆಸಿ ಇಟ್ಟೆ. ಸಂಜೆಯೇ ಹೊಸದಾಗಿ ಹಿಟ್ಟು ನೀರು ಕಲಸಿ ಆ ಜಾಡಿಗೇ ಹಾಕಿದೆ, ನಿನಗೆ ತಿಳಿಯುವುದರೊಳಗೆ ಅವನ ಹಾಗೇ ಬೆಳೆಸಿಬಿಡುತ್ತೇನೆ ಎಂದುಕೊಂಡು. ಚೆನ್ನಾಗಿದ್ದಾನೆ ಎಂದು ಮೂರು ಸಲ ಬರೆದದ್ದೂ ಸುಳ್ಳು. ಬಾಟಲಿಯಲ್ಲಿರುವುದು ಏಳು ವಾರದ ಕೂಸು. ನಿನ್ನೆ ಬೇಗಲ್ ತೇಲಿದ್ದು ಮಾತ್ರ ನಿಜ. ಬೇಕಾದರೆ ಇಟ್ಟುಕೋ, ಬೇಡವಾದರೆ ಚೆಲ್ಲು, ಏಕೆ ಎಂದು ಕೇಳುವ ಬಾಯಿ ನನಗಿಲ್ಲ. ಕಾಗದ ಮಾತ್ರ ಬರಿ. ಅದರಲ್ಲಿ ಮೊದಲು ಜಾಡಿಯನ್ನು ವಿಚಾರಿಸಬೇಡ, ನನ್ನನ್ನು ವಿಚಾರಿಸು.