ಚಿತ್ರದ ಹಿಂಬದಿ

ತ್ಸುರುಓಕ
ನವೆಂಬರ್ ೧೯

ಕಿಯೋಹಿಕೊ ಅವರಿಗೆ,

ಹಿಮ, ಚಳಿ, ಊರಿನ ಸುದ್ದಿ ಎಂದು ಪತ್ರ ಶುರುಮಾಡುವ ಮುಖ ಇವತ್ತು ನನಗಿಲ್ಲ. ನಿಮಗೆ ಗಂಜಿ ನಾಲ್ಕು ಚಮಚ ಇಳಿಯುತ್ತಿದೆ ಎಂದು ಮೊಮೊಕೊ ನಿನ್ನೆ ಹೇಳಿದಳು. ಖುಷಿಯಿಂದಲೇ ಹೇಳಿದಳು, ಪಾಪ. ಫೋನಿಟ್ಟ ಮೇಲೆ ನನಗೆ ಊಟ ಸೇರಲಿಲ್ಲ.

ಸೆಪ್ಟೆಂಬರಿನಲ್ಲೂ ಅವಳು ಹೀಗೇ ಫೋನು ಮಾಡಿದ್ದಳು. "ಅಮ್ಮಾ, ಅಪ್ಪಂಗೆ ಮೇದೋಜ್ಜೀರಕದ ತುದೀಲಿ ಗಡ್ಡೆ. ಅದರ ಜೊತೆ ಗುಲ್ಮಾನೂ ತೆಗೀಬೇಕಂತೆ. ಉಳಿದಿರೋ ಚೂರು ಹೊಟ್ಟೆಗೆ ರಕ್ತ ಎಲ್ಲಿಂದ ಬರ್ತಿದೆ ಅಂತ ಸ್ಕ್ಯಾನಲ್ಲಿ ಸರಿಯಾಗಿ ಕಾಣ್ತಿಲ್ಲ ಅಂತಾರೆ ಡಾಕ್ಟ್ರು. ಮೊದಲ್ನೇ ಆಪರೇಷನ್ ಆದ ಆಸ್ಪತ್ರೆ ಮುಚ್ಚೋಗಿದೆ, ಕಡತ ಒಂದೂ ಇಲ್ಲ. ಆವತ್ತು ಅಲ್ಲಿನ ಡಾಕ್ಟ್ರು ನಿನ್ನ ಕೈಗೆ ಒಂದು ಚಿತ್ರ ಬರ್ಕೊಟ್ಟಿದ್ರಲ್ಲ, ಅದಿದ್ಯಾ?"

"ಇಲ್ಲ ಕಣೇ, ಯಾವತ್ತೋ ಹರಿದು ಹಾಕ್ಬಿಟ್ಟೆ" ಎಂದೆ.

"ಇನ್ನೊಂದ್ಸಲ ಹುಡುಕಮ್ಮಾ."

"ಇಲ್ಲ ಅಂದ್ನಲ್ಲ!" ಎಂದು ಗದರಿಯೂಬಿಟ್ಟೆ.

ಚಿತ್ರ ಇತ್ತು. ಕಿಮೋನೊಗಳ ಪೆಟ್ಟಿಗೆಯ ತಳದಲ್ಲಿ, ನಾಲ್ಕು ಮಡಿಕೆಯಾಗಿ.

ಇಪ್ಪತ್ತೆರಡು ವರ್ಷದ ಹಿಂದೆ, ಮಾರ್ಚಿನಲ್ಲಿ, ನಿಮ್ಮ ಹೊಟ್ಟೆಯ ಮುಕ್ಕಾಲು ಭಾಗ ತೆಗೆದ ಮಧ್ಯಾಹ್ನ ಡಾಕ್ಟರು ನನ್ನ ಮುಂದೆ ಅದನ್ನು ಬರೆದರು. ಕಟ್ಟಿ ಮುಚ್ಚಿದ ರಕ್ತನಾಳಗಳಿಗೆ ಕೆಂಪು ಅಡ್ಡಗೆರೆ, ಉಳಿಸಿದ್ದಕ್ಕೆ ನೀಲಿ. "ನಿಮ್ಮ ಯಜಮಾನ್ರು ಬದುಕ್ತಾರೆ. ಇನ್ಮೇಲೆ ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ ಊಟ ಕೊಡಿ" ಎಂದರು. ನನ್ನ ಅಪ್ಪನಿಗೆ ಇದೇ ಕಾಯಿಲೆ ಬಂದಾಗ ಐದು ವರ್ಷ ಈ ಆರು ಹೊತ್ತಿನ ಊಟ ನಾನೇ ಮಾಡಿ ಬಡಿಸಿದ್ದೆ. ಆರು ಸಲ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನೊಳಗೆ ಏನೋ ಮುಚ್ಚಿಕೊಂಡಿತು. ನೀವು ಮೇಲಿನ ಮಹಡಿಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಿರಿ. ನಾನು ಕೆಳಗಿಳಿದು, ಆಸ್ಪತ್ರೆಯ ಫೋನಿನಿಂದಲೇ ಬಾಡಿಗೆ ಮನೆ ವಿಚಾರಿಸಿದೆ. ಬರೆದುಕೊಳ್ಳಲು ಕೈಯಲ್ಲಿ ಬೇರೆ ಕಾಗದವಿರಲಿಲ್ಲ. ಚಿತ್ರದ ಹಿಂಬದಿಯಲ್ಲಿ ನನ್ನ ಅಕ್ಷರ ಇದೆ, ಆ ದಿನದ ತಾರೀಕಿನ ಸಮೇತ: ಎರಡನೇ ಮಹಡಿ, ಜೂನ್ ಒಂದರಿಂದ, ಒಬ್ಬರಿಗೆ.

ಮೇ ಕೊನೆಯಲ್ಲಿ ನೀವು ಗಂಜಿ ಬಟ್ಟಲನ್ನು ಗೋಡೆಗೆಸೆದಿರಿ. ಮೂರನೇ ದಿನ ನಾನು ಹೊರಟೆ. ಬಟ್ಟಲಿನಿಂದಾಗಿಯೇ ಹೋದೆ ಎಂದು ನೀವು ನಂಬಿದಿರಿ. ಪ್ರತಿ ಹೊಸವರ್ಷದ ಕಾರ್ಡಿನಲ್ಲೂ "ಅಂದಿನ ಸಿಟ್ಟಿಗೆ ಕ್ಷಮಿಸು" ಎಂದು ಬರೆದಿರಿ. ಒಂದಕ್ಕೂ ನಾನು ಉತ್ತರಿಸಲಿಲ್ಲ. ಹಾಗೆ ಕ್ಷಮೆ ಕೇಳಿಸಿಕೊಳ್ಳುವುದು ಸುಖವಾಗಿತ್ತು.

ಸೆಪ್ಟೆಂಬರಿನಲ್ಲಿ ಮೊಮೊಕೊ ಕೇಳಿದಾಗ ಚಿತ್ರದ ಮುಂಬದಿಯ ಫೋಟೊ ಮಾತ್ರ ಕಳಿಸಬಹುದಿತ್ತು. ಹೊಳೆಯದೆ ಇರಲಿಲ್ಲ. ಒಮ್ಮೆ ಇಲ್ಲವೆಂದ ಮೇಲೆ ಇದೆ ಎನ್ನಲು ನಾಚಿಕೆಯಾಯಿತು. ನಾಳೆ ಹೇಳೋಣ, ನಾಳಿದ್ದು ಹೇಳೋಣ ಎನ್ನುತ್ತ ಆಪರೇಷನ್ ದಿನವೇ ಬಂತು. ಹತ್ತು ಗಂಟೆ ಹಿಡಿಯಿತು. ಹಳೆಯ ಗಾಯ ಅಂಟಿಕೊಂಡ ಜಾಗದಲ್ಲಿ ಯಾವ ನಾಳ ಯಾವುದೆಂದು ತಿಳಿಯದೆ, ಒಂದು ಹರಿದು, ಉಳಿದಿದ್ದ ಹೊಟ್ಟೆ ಕಪ್ಪಾಯಿತು. ಅದನ್ನೂ ತೆಗೆದರು. ಚಿತ್ರ ಇದ್ದಿದ್ದರೆ ಉಳಿಯುತ್ತಿತ್ತೇ ಎಂದರೆ ಡಾಕ್ಟರು, "ಹೇಳಕ್ಕಾಗಲ್ಲ. ಉಳಿಸಿದ ನಾಳ ಎಲ್ಲಿದೆ ಅಂತ ಗೊತ್ತಿದ್ದಿದ್ರೆ ಅಲ್ಲಿ ಇನ್ನಷ್ಟು ಹುಷಾರಾಗಿರ್ತಿದ್ವಿ" ಎಂದರು.

ಕಾಗದ ಇದರೊಳಗಿದೆ. ಎರಡೂ ಬದಿ ನೋಡಿ. ಕ್ಷಮಿಸಿ ಎಂದು ಬರೆಯಲಾರೆ, ಆ ಮಾತನ್ನು ಇಷ್ಟು ವರ್ಷ ನಿಮ್ಮಿಂದ ಸುಲಿದುಕೊಂಡವಳು ನಾನು.

ಫುಸಾಕೊ

ಮರೆತ ಮಾತು: ಡಾಕ್ಟರು "ಹೇಳಕ್ಕಾಗಲ್ಲ" ಎಂದದ್ದು ನನಗೇ. ಆಪರೇಷನ್ ದಿನ ನಾನು ಆಸ್ಪತ್ರೆಗೆ ಬಂದಿದ್ದೆ. ನಿಮಗೆ ಹೇಳಬೇಡವೆಂದು ಮೊಮೊಕೊಗೆ ಆಣೆ ಹಾಕಿದ್ದೆ. ಒಳಗಿಂದ ತೆಗೆದದ್ದನ್ನು ಡಾಕ್ಟರು ತಟ್ಟೆಯಲ್ಲಿ ತಂದು "ಮನೆಯವ್ರು ಯಾರಾದ್ರೂ ನೋಡ್ಬೇಕು" ಎಂದಾಗ ಮಗಳು ಮುಖ ತಿರುಗಿಸಿದಳು. ನಾನೇ ಎದ್ದೆ. ನಿಮ್ಮ ಹೊಟ್ಟೆ ಮಗುವಿನ ಮುಷ್ಟಿಯಷ್ಟಿತ್ತು. ಅಷ್ಟರಲ್ಲೇ ಇಪ್ಪತ್ತೆರಡು ವರ್ಷ ಒಬ್ಬರೇ ಅಡುಗೆ ಮಾಡಿಕೊಂಡು ಉಂಡಿರಿ. ನೀವು ಅವರಿಗೆ ಏನಾಗಬೇಕು ಎಂದು ಕೇಳಿದರು. ಹೆಂಡತಿ ಎಂದುಬಿಟ್ಟೆ.