ಗೆರೆ ದಾಟಿದ ಬೆಳಕು

ಅಣ್ಣಾ,

ಪಿಕಪ್ ಶೆಡ್ಡಿನಲ್ಲೇ ಇದೆ. ಕೀ ನನ್ನ ಹತ್ತಿರ ಇದೆ, ಹುಡುಕಬೇಡ.

ಅದರ ಹಳೇ ಹ್ಯಾಲೊಜೆನ್ ಹೆಡ್‌ಲೈಟ್ ಕಿತ್ತು, ಅದಕ್ಕಿಂತ ಪ್ರಖರವಾದ ಎಚ್‌ಐಡಿ ಪ್ರೊಜೆಕ್ಟರ್ ದೀಪ ಕೂರಿಸಿದ ದಿನವೇ ನಾನು ಶೆಡ್ಡಿನ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು, ಬೆಳಕು ಇದನ್ನು ದಾಟಿದರೆ ಎದುರು ಬರುವವರ ಕಣ್ಣು ಕೋರೈಸುತ್ತದೆ ಅಂದಿದ್ದೆ. ನಿನಗೆ ಇನ್ನೂ ದೂರ ಕಾಣಬೇಕಿತ್ತು, ದೀಪದ ಸ್ಕ್ರೂ ತಿರುಗಿಸಿ ಬೆಳಕನ್ನು ಗೆರೆಗಿಂತ ಎತ್ತರಿಸಿದೆ. ಮೊನ್ನೆ ಸಂಜೆ ನೀನು ಮನೆಗೆ ಬಂದು, "ಸ್ಕೂಟರಿನವನೊಬ್ಬ ಕಣ್ಣು ಬಿಡಲಾಗದೆ ಚರಂಡಿಗೆ ಇಳಿದ, ನೋಡಬೇಕಿತ್ತು" ಅಂತ ನಕ್ಕೆ. ಅರ್ಧ ಗಂಟೆಗೆ ಆಸ್ಪತ್ರೆಯಿಂದ ಫೋನ್ ಬಂತು, ಸ್ಕೂಟರ್ ಚರಂಡಿಗೆ ಬಿದ್ದು ಅಪ್ಪನ ಕಾಲು ಮುರಿದಿದೆ ಅಂತ.

ಈಗ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಿರುವ ಅವರ ಪಕ್ಕದಲ್ಲೇ ಕೂತು "ಆ ಡ್ರೈವರ್ ಸಿಗಲಿ, ಚರ್ಮ ಸುಲೀತೀನಿ" ಅಂತೀಯಲ್ಲ, ಭೇಷ್.

ಹನ್ನೊಂದಕ್ಕೆ ಮಾತ್ರೆ ಕೊಡು. ಕೊಡುವಾಗ ಆ ಡ್ರೈವರ್ ಯಾರೆಂದು ಹೇಳಿಬಿಡು. ಸ್ಕ್ರೂ ತಿರುಗಿಸಿ ಆ ಬೆಳಕನ್ನು ನಾನಿನ್ನೂ ಇಳಿಸಿಲ್ಲ. ಸಂಜೆ ನಾನು ಬರುವಷ್ಟರಲ್ಲಿ ನೀನು ಹೇಳಿರದಿದ್ದರೆ, ಅಪ್ಪನನ್ನು ಪಿಕಪ್ಪಿನ ಎದುರು ಕುರ್ಚಿಯಲ್ಲಿ ಕೂರಿಸಿ ದೀಪ ಹಾಕುತ್ತೇನೆ. ಅವರೇ ಗುರುತು ಹಿಡಿಯಲಿ.

ತಂಗಿ